ಮಾಸಿನ ರಕ್ತದ ಹರಿವನ್ನು ಎಂಆರ್‌ಐನಲ್ಲಿ ಅಳೆಯುವುದು ಹೇಗೆ: ಸೂಜಿ, ಕಾಂಟ್ರಾಸ್ಟ್ ಯಾವುದೂ ಬೇಡ

ಹೊಟ್ಟೆಯಲ್ಲಿರುವ ಮಗುವಿಗೆ ರಕ್ತ ಸರಿಯಾಗಿ ಹೋಗುತ್ತಿದೆಯಾ ಅಂತ ನೋಡಲು ಎಲ್ಲರೂ ಮೊದಲು ಮಾಡುವುದು ಡಾಪ್ಲರ್ ಸ್ಕ್ಯಾನ್. ಮಾಡಲೇಬೇಕು ಕೂಡ. ಅಗ್ಗ, ಬೇಗ ಮುಗಿಯುತ್ತದೆ, ಸಣ್ಣ ಊರುಗಳಲ್ಲೂ ಸಿಗುತ್ತದೆ. ಆದರೆ ಡಾಪ್ಲರ್ ಹೇಳುವುದು ದೊಡ್ಡ ರಕ್ತನಾಳಗಳ ಕಥೆ. ಗರ್ಭಕೋಶದ ಅಪಧಮನಿಯಲ್ಲಿ, ಹೊಕ್ಕುಳಬಳ್ಳಿಯಲ್ಲಿ ರಕ್ತಕ್ಕೆ ಎಷ್ಟು ತಡೆ ಎದುರಾಗುತ್ತಿದೆ ಅನ್ನುವುದು ಅದರಿಂದ ಗೊತ್ತಾಗುತ್ತದೆ. ಮಾಸಿನ (ಪ್ಲಾಸೆಂಟಾ) ಒಳಗೆ, ಅದರ ಪ್ರತಿ ಮೂಲೆಯಲ್ಲಿ, ನಿಮಿಷಕ್ಕೆ ಎಷ್ಟು ರಕ್ತ ಹಾದುಹೋಗುತ್ತಿದೆ ಅನ್ನುವುದು ಗೊತ್ತಾಗುವುದಿಲ್ಲ. ಎಂಆರ್‌ಐ ಬೇಕಾಗುವುದು ಅಲ್ಲಿ.

ಇದು ಹೊಸ ಕನಸೇನೂ ಅಲ್ಲ. ಗರ್ಭಿಣಿಯರ ಮೊದಲ ಎಂಆರ್ ಚಿತ್ರಗಳು 1983ರಲ್ಲೇ ಸ್ಕಾಟ್‌ಲೆಂಡಿನ ಅಬರ್ಡೀನ್‌ನಿಂದ ಬಂದವು. 1998ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ತಂಡ ಬರೀ 0.5 ಟೆಸ್ಲಾ ಕಾಂತಶಕ್ತಿಯ ಯಂತ್ರದಲ್ಲಿ, ಯಾವ ಮದ್ದೂ ಚುಚ್ಚದೆ, ಮಾಸಿನ ರಕ್ತದ ಹರಿವಿನ ನಕ್ಷೆ ತೆಗೆದು ತೋರಿಸಿತು. 2014ರ ಹೊತ್ತಿಗೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 'ಹ್ಯೂಮನ್ ಪ್ಲಾಸೆಂಟಾ ಪ್ರಾಜೆಕ್ಟ್' ಶುರುಮಾಡಿದ ಮೇಲೆ ಈ ಕೆಲಸಕ್ಕೆ ವೇಗ ಬಂತು. ಹಾಗಿದ್ದರೂ ಇದು ಇನ್ನೂ ಬಹುಪಾಲು ಸಂಶೋಧನೆಯ ಉಪಕರಣವೇ. ಇದರ ಅಂಕಿ ನೋಡಿ ಯಾರೂ ಹೆರಿಗೆಯ ದಿನ ನಿಗದಿ ಮಾಡಬಾರದು.

ಈ ಬರಹ ಎಂಆರ್‌ಐ ಟೆಕ್ನಿಶಿಯನ್‌ಗಳಿಗೆ, ರೇಡಿಯಾಲಜಿ ಅಥವಾ ಪ್ರಸೂತಿ ವಿಭಾಗದ ಪಿಜಿ ವಿದ್ಯಾರ್ಥಿಗಳಿಗೆ, ಆಮೇಲೆ ಲೆಕ್ಕ ಹಾಕಲು ಕೂರುವ ಎಂಜಿನಿಯರ್‌ಗಳಿಗೆ. ಇಂಥ ಅಧ್ಯಯನಕ್ಕೆ ಹೆಸರು ಕೊಟ್ಟಿರುವ ತಾಯಂದಿರೂ ಓದಬಹುದು. 2ರಿಂದ 4ನೇ ಹಂತ ಅವರಿಗೆ ಉಪಯೋಗವಾದೀತು.

ಶುರು ಮಾಡುವ ಮುಂಚೆ: ಮಾಸಿನಲ್ಲಿ ಎರಡು ರಕ್ತ

ಮಿದುಳಿಗೆ ಬರುವುದು ಒಬ್ಬರ ರಕ್ತ. ಮಾಸಿಗೆ ಇಬ್ಬರದು ಬರುತ್ತದೆ. ತಾಯಿಯ ರಕ್ತ ಗರ್ಭಕೋಶದ ಗೋಡೆಯಲ್ಲಿರುವ ಸುರುಳಿ ಅಪಧಮನಿಗಳಿಂದ ಚಿಮ್ಮಿ ಒಂದು ತೆರೆದ ಜಾಗಕ್ಕೆ ಬೀಳುತ್ತದೆ. ಮಗುವಿನ ರಕ್ತ ಹೊಕ್ಕುಳಬಳ್ಳಿಯಿಂದ ಬಂದು, ಆ ಜಾಗದಲ್ಲಿ ಇಳಿಬಿದ್ದಿರುವ ಎಳೆಗಳೊಳಗೆ ಓಡಾಡಿ ವಾಪಸ್ ಹೋಗುತ್ತದೆ. ನೀರು ನಿಂತ ಗದ್ದೆಯಲ್ಲಿ ಭತ್ತದ ಬೇರು ಇರುವ ಹಾಗೆ. ಬೇರಿನ ಒಳಗೊಂದು ಹರಿವು, ಹೊರಗೊಂದು ಹರಿವು, ಎರಡೂ ಬೆರೆಯುವುದಿಲ್ಲ. ಆದರೆ ಆಮ್ಲಜನಕ, ಪೋಷಕಾಂಶ, ಕೆಲವು ಮದ್ದುಗಳು ಗೋಡೆ ದಾಟುತ್ತವೆ.

ದಿನ ತುಂಬಿದಾಗ ಮಾಸು ಸುಮಾರು ಅರ್ಧ ಕೆಜಿ ತೂಗುತ್ತದೆ. ಆ ಹೊತ್ತಿಗೆ ಗರ್ಭಕೋಶಕ್ಕೆ ನಿಮಿಷಕ್ಕೆ 500ರಿಂದ 700 ಮಿ.ಲೀ. ತಾಯಿಯ ರಕ್ತ ಬರುತ್ತಿರುತ್ತದೆ, ಅದರ ದೊಡ್ಡ ಪಾಲು ಮಾಸಿಗೆ ಹೋಗುತ್ತದೆ. ಬಸಿರಿನ ಮೊದಲರ್ಧದಲ್ಲಿ ಸುರುಳಿ ಅಪಧಮನಿಗಳು ಅಗಲವಾಗಿ ಸಡಿಲವಾಗಬೇಕು. ಬಸಿರಿನ ಬಿಪಿ ಎಂದು ಜನ ಕರೆಯುವ ಪ್ರಿ-ಎಕ್ಲಾಂಪ್ಸಿಯಾದಲ್ಲಿ, ಹೊಟ್ಟೆಯಲ್ಲೇ ಮಗುವಿನ ಬೆಳವಣಿಗೆ ಕುಂಠಿತವಾಗುವ ಹಲವು ಪ್ರಕರಣಗಳಲ್ಲಿ, ಈ ಅಗಲವಾಗುವಿಕೆ ಅರ್ಧಕ್ಕೇ ನಿಂತಿರುತ್ತದೆ. ನಾವು ಹುಡುಕುತ್ತಿರುವುದು ಅದರ ಪರಿಣಾಮವನ್ನು.

ಹಂತ 1: ಯಾರ ರಕ್ತ, ಯಾವ ಅಳತೆ ಅಂತ ತೀರ್ಮಾನಿಸಿ

'ಮಾಸಿನ ರಕ್ತದ ಹರಿವು' ಅನ್ನುವ ಒಂದೇ ಅಂಕಿ ಇಲ್ಲ. ಎಷ್ಟೋ ಅಧ್ಯಯನಗಳು ಎಡವುವುದು ಇಲ್ಲೇ. ಪ್ರೋಟೋಕಾಲ್ ಮೊದಲು ಹಾಕಿ, ಪ್ರಶ್ನೆಯನ್ನು ಆಮೇಲೆ ಹುಡುಕುತ್ತಾರೆ.

ಮಾಸಿನ 100 ಗ್ರಾಂಗೆ ನಿಮಿಷಕ್ಕೆ ಎಷ್ಟು ಮಿ.ಲೀ. ರಕ್ತ ಹೊಸದಾಗಿ ಬಂತು ಅಂತ ಬೇಕಿದ್ದರೆ ಎಎಸ್‌ಎಲ್, ಅಂದರೆ ರಕ್ತದ ನೀರಿಗೇ ಕಾಂತೀಯ ಗುರುತು ಹಾಕುವ ವಿಧಾನ. ಹೊಕ್ಕುಳಬಳ್ಳಿಯಲ್ಲಿ ಮಗುವಿನ ಒಟ್ಟು ಹರಿವು ಬೇಕಿದ್ದರೆ ಫೇಸ್ ಕಾಂಟ್ರಾಸ್ಟ್. ಹೆಸರಿನಲ್ಲಿ ಕಾಂಟ್ರಾಸ್ಟ್ ಇದ್ದರೂ ಇದರಲ್ಲಿ ಮದ್ದು ಇಲ್ಲ. ಮಾಸಿನ ಗಾತ್ರದಲ್ಲಿ ಓಡಾಡುತ್ತಿರುವ ರಕ್ತದ ಪಾಲು ಎಷ್ಟು ಅಂತ ಬೇಕಿದ್ದರೆ ಐವಿಐಎಂ ಡಿಫ್ಯೂಶನ್. ಆಮ್ಲಜನಕ ಹೇಗಿದೆ ಅಂತ ಬೇಕಿದ್ದರೆ ಟಿ2-ಸ್ಟಾರ್ ಅಥವಾ ಬೋಲ್ಡ್, ಅಂದರೆ ರಕ್ತದ ಆಮ್ಲಜನಕಕ್ಕೆ ತಕ್ಕಂತೆ ಬದಲಾಗುವ ಸಿಗ್ನಲ್. ಈ ಕೊನೆಯದು ಹರಿವಿನ ಅಳತೆಯೇ ಅಲ್ಲ. ಆದರೂ ಇವೆಲ್ಲದರಲ್ಲಿ ಕೈಕೊಡದೆ ಕೆಲಸ ಮಾಡುವುದು ಅದೇ. ಹೊಸದಾಗಿ ಶುರು ಮಾಡುವವರಿಗೆ ನನ್ನ ಸಲಹೆ ಇಷ್ಟು: ಟಿ2-ಸ್ಟಾರ್ ಮೊದಲು ಕಲಿಯಿರಿ, ಎಎಸ್‌ಎಲ್ ಎರಡನೆಯದು, ಉಳಿದವು ಆಮೇಲೆ.

ಗ್ಯಾಡೋಲಿನಿಯಂ ಎಂಬ ಕಾಂಟ್ರಾಸ್ಟ್ ಮದ್ದು ಕೊಟ್ಟರೆ ಎಲ್ಲ ಸುಲಭ ಅಲ್ವಾ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಅದು ಮಾಸು ದಾಟಿ ಮಗುವಿಗೆ ಹೋಗುತ್ತದೆ, ಮಗುವಿನ ಮೂತ್ರದಲ್ಲಿ ಬಂದು ಗರ್ಭದ ನೀರಿಗೆ ಸೇರುತ್ತದೆ, ಆ ನೀರನ್ನು ಮಗು ಮತ್ತೆ ಕುಡಿಯುತ್ತದೆ. 2016ರಲ್ಲಿ ಕೆನಡಾದ ಒಂಟಾರಿಯೋದ ದಾಖಲೆಗಳ ಮೇಲೆ ನಡೆದ ದೊಡ್ಡ ಅಧ್ಯಯನ, ಬಸಿರಿನಲ್ಲಿ ಗ್ಯಾಡೋಲಿನಿಯಂ ಪಡೆದವರ ಮಕ್ಕಳಲ್ಲಿ ಸಂಧಿ ಮತ್ತು ಚರ್ಮದ ಉರಿಯೂತದ ತೊಂದರೆಗಳೂ, ಸತ್ತು ಹುಟ್ಟುವುದು ಅಥವಾ ಹುಟ್ಟಿದ ಕೆಲವೇ ದಿನಗಳಲ್ಲಿ ತೀರಿಕೊಳ್ಳುವುದೂ ಹೆಚ್ಚು ಕಂಡವು ಎಂದು ವರದಿ ಮಾಡಿತು. ಅದೇ ಅಧ್ಯಯನದಲ್ಲಿ, ಕಾಂಟ್ರಾಸ್ಟ್ ಇಲ್ಲದೆ ಮೊದಲ ಮೂರು ತಿಂಗಳಲ್ಲಿ ಎಂಆರ್‌ಐ ಮಾಡಿಸಿಕೊಂಡವರಲ್ಲಿ ಅಂಥ ಹೆಚ್ಚಳ ಕಾಣಲಿಲ್ಲ. ಸಂಶೋಧನೆಗಾಗಿ ಗ್ಯಾಡೋಲಿನಿಯಂ ಬೇಡವೇ ಬೇಡ.

ಹಂತ 2: ಕಾಗದಪತ್ರ

ಸಂಶೋಧನೆಯಾದರೆ ಎಥಿಕ್ಸ್ ಕಮಿಟಿಯ ಒಪ್ಪಿಗೆ ಬೇಕು. ಐಸಿಎಂಆರ್ 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಗರ್ಭಿಣಿಯರ ಬಗ್ಗೆ ಬೇರೆಯಾಗಿಯೇ ಬರೆದಿದೆ, ಓದಿಕೊಂಡು ಅರ್ಜಿ ಹಾಕಿ. ಒಪ್ಪಿಗೆ ಪತ್ರ ತಾಯಿಯ ಭಾಷೆಯಲ್ಲಿರಲಿ. 'ಇದರಿಂದ ನಿಮ್ಮ ಚಿಕಿತ್ಸೆ ಬದಲಾಗುವುದಿಲ್ಲ' ಅನ್ನುವ ಸಾಲನ್ನು ಮೊದಲ ಪುಟದಲ್ಲೇ ಹಾಕಿ.

ಭಾರತದಲ್ಲಿ ಇನ್ನೊಂದು ವಿಷಯ ಇದೆ. ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆ ಅಲ್ಟ್ರಾಸೌಂಡಿಗೆ ಮಾತ್ರ ಅಂತ ಹಲವರು ತಿಳಿದಿದ್ದಾರೆ. ಮಗುವಿನ ಲಿಂಗ ಪತ್ತೆ ಮಾಡಬಲ್ಲ ಯಾವುದೇ ಇಮೇಜಿಂಗ್ ಯಂತ್ರವೂ ಅದರ ವ್ಯಾಪ್ತಿಗೆ ಬರುತ್ತದೆ. ಎಂಆರ್‌ಐನ ಟಿ2 ಚಿತ್ರದಲ್ಲಿ ಲಿಂಗ ಚೆನ್ನಾಗಿಯೇ ಕಾಣುತ್ತದೆ. ನೋಂದಣಿ, ಫಾರಂಗಳ ವಿಷಯವನ್ನು ಆಸ್ಪತ್ರೆಯ ಜವಾಬ್ದಾರರ ಜೊತೆ ಮೊದಲೇ ಇತ್ಯರ್ಥ ಮಾಡಿಕೊಳ್ಳಿ. ತಾಯಿಯ ಮೊಬೈಲಿಗೆ ಚಿತ್ರ ಕಳಿಸಬೇಡಿ. ಬೇರೆ ತಂಡಕ್ಕೆ ಡೇಟಾ ಕೊಡುವಾಗ ಮಾಸಿನ ಭಾಗ ಮಾತ್ರ ಕತ್ತರಿಸಿ ಕೊಡಿ.

ಹಂತ 3: ತಾಯಿಯನ್ನು ತಯಾರು ಮಾಡುವುದು

ಸಾಮಾನ್ಯ ಎಂಆರ್‌ಐ ಪ್ರಶ್ನೆಗಳು ಇದ್ದೇ ಇವೆ: ಪೇಸ್‌ಮೇಕರ್, ಕ್ಲಿಪ್, ಹಳೆಯ ಆಪರೇಶನ್. ನಮ್ಮ ಕಡೆ ತಾಳಿ, ಕಾಲುಂಗುರ, ಬಳೆ ತೆಗೆಸುವುದು ದೊಡ್ಡ ಮಾತುಕತೆ. ಏಳನೇ ತಿಂಗಳಲ್ಲಿ ಸೀಮಂತಕ್ಕೆ ತೊಟ್ಟ ಬಳೆ ತೆಗೆಯಲು ಮನಸ್ಸು ಬರುವುದಿಲ್ಲ. ಗಾಜಿನ ಬಳೆಯಾದರೆ ತಕರಾರಿಲ್ಲ, ಅದರ ಮಧ್ಯೆ ಸೇರಿಸಿದ ಲೋಹದ ಬಳೆ ಮಾತ್ರ ಬೇಡ. ಇದನ್ನು ಸ್ಕ್ಯಾನ್ ದಿನ ಬಾಗಿಲಲ್ಲಿ ನಿಂತು ಹೇಳುವ ಬದಲು ಅಪಾಯಿಂಟ್‌ಮೆಂಟ್ ಕೊಡುವಾಗಲೇ ಹೇಳಿ.

ಊಟ ಎಷ್ಟು ಹೊತ್ತಿಗೆ ಆಯಿತು, ಬಿಪಿ ಎಷ್ಟಿದೆ, ಬಿಪಿ ಮಾತ್ರೆ ಯಾವುದು ಅಂತ ಬರೆದುಕೊಳ್ಳಿ. ತಾಯಿಯ ಹಿಮೋಗ್ಲೋಬಿನ್ ಮತ್ತು ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು) ಅಂಕಿ ಇತ್ತೀಚಿನದು ಬೇಕು. ನಮ್ಮಲ್ಲಿ ರಕ್ತಹೀನತೆ ಇರುವ ಗರ್ಭಿಣಿಯರು ಜಾಸ್ತಿ. ಹೆಮಟೋಕ್ರಿಟ್ ಬದಲಾದರೆ ರಕ್ತದ ಟಿ1 (ಕದಡಿದ ಕಾಂತೀಯತೆ ಮೊದಲಿನಂತಾಗಲು ಹಿಡಿಯುವ ಸಮಯ) ಬದಲಾಗುತ್ತದೆ, ಟಿ2-ಸ್ಟಾರ್ ಕೂಡ. ಬೇರೆ ದೇಶದ ಅಂಕಿಗಳನ್ನು ಸುಮ್ನೆ ತಂದು ಹೋಲಿಸಿದರೆ ತಪ್ಪಾಗುವುದು ಇದಕ್ಕೇ. ಒಳಗೆ ಹೋಗುವ ಮುಂಚೆ ಮೂತ್ರಕ್ಕೆ ಹೋಗಿ ಬರಲಿ. 40 ನಿಮಿಷ ಮಲಗಿರಬೇಕು, ಬಸುರಿಗೆ ಅದು ಕಮ್ಮಿ ಹೊತ್ತಲ್ಲ.

ಹಂತ 4: ಮಲಗಿಸುವುದು

ಎಡ ಮಗ್ಗುಲು. ಇದರಲ್ಲಿ ರಾಜಿ ಬೇಡ.

20 ವಾರ ದಾಟಿದ ಮೇಲೆ ಅಂಗಾತ ಮಲಗಿದರೆ ತುಂಬಿದ ಗರ್ಭಕೋಶ ಐವಿಸಿ ಎಂಬ ದೊಡ್ಡ ಸಿರೆಯನ್ನು ಬೆನ್ನುಮೂಳೆಗೆ ಒತ್ತುತ್ತದೆ. ಹೃದಯಕ್ಕೆ ವಾಪಸ್ ಬರುವ ರಕ್ತ ಕಡಿಮೆಯಾಗುತ್ತದೆ, ತಲೆ ಸುತ್ತು ಬರುತ್ತದೆ, ಗರ್ಭಕೋಶಕ್ಕೆ ಹೋಗುವ ರಕ್ತವೂ ಇಳಿಯುತ್ತದೆ. ಅಂದರೆ ಯಾವುದನ್ನು ಅಳೆಯಲು ಬಂದೆವೋ ಅದನ್ನೇ ನಾವು ಬದಲಿಸಿರುತ್ತೇವೆ. ಪೂರ್ತಿ ಎಡ ಮಗ್ಗುಲಲ್ಲಿ ಬೋರ್, ಅಂದರೆ ಯಂತ್ರದ ಸುರಂಗದ ಒಳಗೆ ಹಿಡಿಸದಿದ್ದರೆ ಬಲ ಸೊಂಟದ ಕೆಳಗೆ ಬೆಣೆಯಾಕಾರದ ದಿಂಬು ಕೊಟ್ಟು ಎಡಕ್ಕೆ ವಾಲಿಸಿ. ಯಾವ ಭಂಗಿ ಅಂತ ಬರೆದಿಡಿ, ಅದೇ ತಾಯಿ ಮತ್ತೆ ಬಂದಾಗ ಅದೇ ಭಂಗಿಯಲ್ಲಿ ಮಲಗಿಸಿ. ಮೊಣಕಾಲುಗಳ ನಡುವೆ ಒಂದು ದಿಂಬು, ಬೆನ್ನಿಗೆ ಒಂದು. ಹೊಟ್ಟೆಯ ಮೇಲಿನ ಕಾಯಿಲ್ ಬಿಗಿಯಾಗಿ ಒತ್ತಬಾರದು.

ಕಿವಿಗೆ ಪ್ಲಗ್, ಅದರ ಮೇಲೆ ಹೆಡ್‌ಫೋನ್. ಕೈಗೆ ಕರೆಗಂಟೆಯ ಬಲೂನ್ ಕೊಟ್ಟು ಎರಡು ಸಂದರ್ಭಗಳನ್ನು ಹೇಳಿಕೊಡಿ: "ಅಕ್ಕಾ, ಬೇಜಾರಾದ್ರೆ, ತಲೆ ಸುತ್ತಿದ್ರೆ ಒತ್ತಿ. ಹೊಟ್ಟೆ ಗಟ್ಟಿಯಾದ ಹಾಗೆ ಅನ್ಸಿದ್ರೂ ಒಂದು ಸಲ ಒತ್ತಿ, ನಾವು ಟೈಮ್ ಬರ್ಕೋತೀವಿ." ಎರಡನೆಯದು ಯಾಕೆ ಅಂತ 6ನೇ ಹಂತದಲ್ಲಿ ಹೇಳುತ್ತೇನೆ.

ಯಂತ್ರವನ್ನು ನಾರ್ಮಲ್ ಆಪರೇಟಿಂಗ್ ಮೋಡ್‌ನಲ್ಲೇ ಇಡಿ. ಮೈ ಹೀರುವ ರೇಡಿಯೋ ಶಕ್ತಿ, ಅಂದರೆ ಇಡೀ ಮೈಗೆ ಸರಾಸರಿ ಎಸ್‌ಎಆರ್ ಕೆಜಿಗೆ 2 ವ್ಯಾಟ್ ದಾಟಬಾರದು. ಕೋಣೆಯ ಎಸಿ ಚೆನ್ನಾಗಿರಲಿ, ದಪ್ಪ ಕಂಬಳಿ ಹೊದಿಸಬೇಡಿ. 1.5 ಟೆಸ್ಲಾ ಅಥವಾ 3 ಟೆಸ್ಲಾ, ಎರಡರಲ್ಲೂ ಕೆಲಸ ಆಗುತ್ತದೆ. 3 ಟೆಸ್ಲಾದಲ್ಲಿ ಎಎಸ್‌ಎಲ್ ಸಿಗ್ನಲ್ ಚೆನ್ನಾಗಿ ಬರುತ್ತದೆ, ಆದರೆ ಕರುಳಿನ ಗಾಳಿಯ ಪಕ್ಕ ಚಿತ್ರ ಜಾಸ್ತಿ ವಕ್ರವಾಗುತ್ತದೆ, ಹೊಟ್ಟೆಯ ಮಧ್ಯೆ ಕಪ್ಪು ನೆರಳೂ ಬೀಳುತ್ತದೆ.

ಹಂತ 5: ಮಾಸು ಎಲ್ಲಿದೆ ಅಂತ ಹುಡುಕಿ

ಸ್ಕೌಟ್ (ಜಾಗ ನೋಡಲು ತೆಗೆಯುವ ಮೊದಲ ಚಿತ್ರ) ಆದ ಮೇಲೆ ಬೇಗ ಮುಗಿಯುವ ಹೇಸ್ಟ್ ಅಥವಾ ಸಿಂಗಲ್ ಶಾಟ್ ಟಿ2 ಚಿತ್ರಗಳನ್ನು ಮೂರೂ ದಿಕ್ಕಿನಲ್ಲಿ ತೆಗೆಯಿರಿ. ಮಾಸು ಮುಂದಿನ ಗೋಡೆಗಿದೆಯೋ ಹಿಂದಿನ ಗೋಡೆಗೋ, ಹೊಕ್ಕುಳಬಳ್ಳಿ ಎಲ್ಲಿ ಅಂಟಿದೆ, ಗರ್ಭದ ನೀರಿನಲ್ಲಿ ಬಳ್ಳಿಯ ಸುರುಳಿ ಎಲ್ಲಿ ಆರಾಮವಾಗಿ ತೇಲುತ್ತಿದೆ, ಇಷ್ಟು ಗುರುತಿಸಿಕೊಳ್ಳಿ. ಮುಂದಿನ ಹಂತಗಳ ಸ್ಲೈಸ್‌ಗಳನ್ನು ಮಾಸಿನ ತಟ್ಟೆಗೆ ಅಡ್ಡವಾಗಿ ಇಟ್ಟರೆ ತಾಯಿಯ ಬದಿಯಿಂದ ಮಗುವಿನ ಬದಿಯವರೆಗೆ ಒಂದೇ ಚಿತ್ರದಲ್ಲಿ ಕಾಣುತ್ತದೆ.

ಹಂತ 6: ಟಿ2-ಸ್ಟಾರ್, ಮತ್ತು ಗರ್ಭಕೋಶದ ಸಂಕೋಚದ ಕಾವಲು

ಆಮ್ಲಜನಕ ಕಳೆದುಕೊಂಡ ಹಿಮೋಗ್ಲೋಬಿನ್ ಸುತ್ತಲಿನ ಕಾಂತಕ್ಷೇತ್ರವನ್ನು ಕೆಡಿಸುತ್ತದೆ, ಸಿಗ್ನಲ್ ಬೇಗ ಸಾಯುತ್ತದೆ. ಸಿಗ್ನಲ್ ಸಾಯಲು ಹಿಡಿಯುವ ಸಮಯವೇ ಟಿ2-ಸ್ಟಾರ್. ಒಂದೇ ಸ್ಲೈಸ್ ಸಾಕು ಅನ್ನುವವರು ಸುಮಾರು 12 ಸೆಕೆಂಡಿನ ಉಸಿರುಹಿಡಿತದಲ್ಲಿ, 3ರಿಂದ 67 ಮಿಲಿಸೆಕೆಂಡ್‌ವರೆಗೆ ಹರಡಿದ ಹದಿನಾರು ಎಕೋಗಳ ಗ್ರೇಡಿಯೆಂಟ್ ಎಕೋ ತೆಗೆಯಬಹುದು. ಇಡೀ ಮಾಸು ಬೇಕಿದ್ದರೆ ಮಲ್ಟಿ-ಎಕೋ ಇಪಿಐ, ಅಂದರೆ ಅತಿ ವೇಗವಾಗಿ ಚಿತ್ರ ತೆಗೆಯುವ ಬಗೆ, ಇಟ್ಟರೆ ಉಸಿರು ಹಿಡಿಯದೆಯೂ ಒಂದು ನಿಮಿಷದೊಳಗೆ ಮುಗಿಯುತ್ತದೆ. ಚಿತ್ರದ ಪುಟ್ಟ ಘನ ಚುಕ್ಕೆಯಾದ ಪ್ರತಿ ವಾಕ್ಸೆಲ್‌ಗೆ ಒಂದು ಘಾತೀಯ ಇಳಿಕೆಯ ಗೆರೆ ಹೊಂದಿಸಿ. ಯಂತ್ರದ ಜೊತೆ ಬರುವ ತಂತ್ರಾಂಶವೇ ಮಾಡಿಕೊಡುತ್ತದೆ, ಆದರೂ ಒಂದೆರಡು ವಾಕ್ಸೆಲ್‌ಗಳ ಗೆರೆಯನ್ನು ಕಣ್ಣಾರೆ ನೋಡಿ.

1.5 ಟೆಸ್ಲಾದಲ್ಲಿ 24ನೇ ವಾರದ ಆರೋಗ್ಯವಂತ ಮಾಸಿನ ಟಿ2-ಸ್ಟಾರ್ 100 ಮಿಲಿಸೆಕೆಂಡ್‌ಗಿಂತ ಮೇಲಿರುತ್ತದೆ. ದಿನ ತುಂಬುವ ಹೊತ್ತಿಗೆ ಅದು ಅರ್ಧಕ್ಕಿಂತ ಕೆಳಗೆ ಇಳಿದಿರುತ್ತದೆ. 3 ಟೆಸ್ಲಾದಲ್ಲಿ ಎಲ್ಲ ಅಂಕಿಗಳೂ ಇನ್ನೂ ಚಿಕ್ಕವು. ಹಾಗಾಗಿ ವಾರ ಹೇಳದೆ, ಯಂತ್ರದ ಶಕ್ತಿ ಹೇಳದೆ '60 ಬಂತು' ಅಂದರೆ ಅದಕ್ಕೆ ಅರ್ಥವಿಲ್ಲ. ಮಾಸು ಸೋತಿರುವ ಮಕ್ಕಳಲ್ಲಿ ಅಂಕಿ ಅದೇ ವಾರದ ಸರಾಸರಿಗಿಂತ ಸ್ಪಷ್ಟವಾಗಿ ಕಡಿಮೆ ಬರುತ್ತದೆ ಅನ್ನುವುದು ಹಲವು ತಂಡಗಳು ಕಂಡುಕೊಂಡಿರುವ ಮಾತು.

ಈಗ ಸಂಕೋಚದ ವಿಷಯ. ಹೆರಿಗೆ ನೋವಿಗೂ ಮುಂಚೆ ಗರ್ಭಕೋಶ ಆಗಾಗ ಬಿಗಿಯಾಗಿ ಸಡಿಲವಾಗುತ್ತಿರುತ್ತದೆ. ಎಷ್ಟೋ ಸಲ ತಾಯಿಗೆ ಗೊತ್ತೂ ಆಗುವುದಿಲ್ಲ. ಆ ಒಂದೆರಡು ನಿಮಿಷ ಗೋಡೆಯ ಒಳಗಿರುವ ನಾಳಗಳು ಹಿಂಡಿಹೋಗುತ್ತವೆ, ತಾಯಿಯ ರಕ್ತ ಒಳಗೆ ಬರುವುದು ಕುಗ್ಗುತ್ತದೆ, ಟಿ2-ಸ್ಟಾರ್ ಬಿದ್ದುಹೋಗುತ್ತದೆ. ನಿಮ್ಮ ಸ್ಕ್ಯಾನ್ ಅದೇ ಹೊತ್ತಿನಲ್ಲಿ ನಡೆದರೆ ಆರೋಗ್ಯವಂತ ಮಾಸು ರೋಗದ ಮಾಸಿನ ಹಾಗೆ ಕಾಣುತ್ತದೆ. ಅದಕ್ಕೆ ಟಿ2-ಸ್ಟಾರ್ ಅನ್ನು ಶುರುವಿನಲ್ಲಿ ಒಂದು ಸಲ, ಕೊನೆಯಲ್ಲಿ ಇನ್ನೊಂದು ಸಲ ತೆಗೆಯಿರಿ. ಎರಡೂ ಹೊಂದದಿದ್ದರೆ ಚಿತ್ರಗಳನ್ನು ಓಡಿಸಿ ನೋಡಿ: ಸಂಕೋಚದಲ್ಲಿ ಮಾಸು ಅಂಟಿರುವ ಜಾಗ ಕಿರಿದಾಗಿ ಮಾಸು ದಪ್ಪವಾಗುತ್ತದೆ, ಗರ್ಭಕೋಶದ ಗೋಡೆಯೂ ಅಲ್ಲಿ ಉಬ್ಬುತ್ತದೆ. ಕಂಡರೆ ಕೆಲವು ನಿಮಿಷ ಕಾದು ಮತ್ತೆ ತೆಗೆಯಿರಿ. ತಾಯಿ ಬಲೂನ್ ಒತ್ತಿದ ಸಮಯದ ಪಟ್ಟಿ ಈಗ ಕೆಲಸಕ್ಕೆ ಬರುತ್ತದೆ.

ಕೆಲವು ತಂಡಗಳು ತಾಯಿಗೆ ಮಾಸ್ಕ್‌ನಲ್ಲಿ ಆಮ್ಲಜನಕ ಕೊಟ್ಟು, ಬೋಲ್ಡ್ ಸಿಗ್ನಲ್ ಏರುವುದನ್ನು ನೋಡುತ್ತವೆ. 2017ರಲ್ಲಿ ಬಾಸ್ಟನ್ನಿನ ತಂಡವೊಂದು ಒಂದೇ ಮಾಸು ಹಂಚಿಕೊಂಡ ಅವಳಿಗಳಲ್ಲಿ ಈ ಏರಿಕೆಗೆ ಹಿಡಿಯುವ ಸಮಯವನ್ನು ಅಳೆಯಿತು. ನಿಧಾನವಾಗಿ ಏರಿದ ಮಾಸಿನ ಪಾಲು ಸಿಕ್ಕ ಮಗುವಿನ ಯಕೃತ್ತು, ಮಿದುಳು ಚಿಕ್ಕದಾಗಿದ್ದವು. ಚೆಂದದ ವಿಧಾನ. ಆದರೆ ಸ್ಕ್ಯಾನ್ 20 ನಿಮಿಷ ಉದ್ದವಾಗುತ್ತದೆ. ಆಮ್ಲಜನಕ ಗೋಡೆಯ ಪೈಪಿನಿಂದಲೇ ಬರಬೇಕು, ಕಬ್ಬಿಣದ ಸಿಲಿಂಡರ್ ಆ ಕೋಣೆಯ ಬಾಗಿಲು ದಾಟಕೂಡದು. 2018ರ ಜನವರಿಯಲ್ಲಿ ಮುಂಬೈನಲ್ಲಿ ಸಿಲಿಂಡರ್ ಹಿಡಿದು ಎಂಆರ್‌ಐ ಕೋಣೆಗೆ ಹೋದವರೊಬ್ಬರು ಪ್ರಾಣ ಕಳೆದುಕೊಂಡಿದ್ದು ನೆನಪಿರಲಿ.

ಹಂತ 7: ಎಎಸ್‌ಎಲ್, ನಿಜವಾದ ಹರಿವು

ತತ್ವ ಸರಳ. ರಕ್ತದ ನೀರಿನ ಕಾಂತೀಯತೆಯನ್ನು ರೇಡಿಯೋ ಅಲೆಯಿಂದ ತಲೆಕೆಳಗು ಮಾಡಿ ಒಂದು ಚಿತ್ರ, ಮಾಡದೆ ಒಂದು ಚಿತ್ರ. ಒಂದರಿಂದ ಇನ್ನೊಂದನ್ನು ಕಳೆದರೆ ಉಳಿಯುವುದು ಹೊಸದಾಗಿ ಬಂದ ರಕ್ತ. ಗುರುತು ಹಾಕುವ ಜಾಗದ ಮೇಲೆ ಮೂರು ಬಗೆ.

ಪಿಸಿಎಎಸ್‌ಎಲ್‌ನಲ್ಲಿ ತಾಯಿಯ ದೊಡ್ಡ ಅಪಧಮನಿಯ ಮೇಲೆ ಒಂದು ತಟ್ಟೆಯಂಥ ಜಾಗದಲ್ಲಿ ಗುರುತು ಹಾಕುತ್ತಾರೆ. ಹಾಗಾಗಿ ಬರುವುದು ತಾಯಿಯ ರಕ್ತ ಮಾತ್ರ, ಇದು ದೊಡ್ಡ ಲಾಭ. ತೊಂದರೆ ಎಂದರೆ, ಅಲ್ಲಿಂದ ಸುತ್ತಿ ಬಳಸಿ ಮಾಸು ತಲುಪುವಷ್ಟರಲ್ಲಿ ಗುರುತು ಮಾಸುತ್ತಿರುತ್ತದೆ. ಗರ್ಭಕೋಶಕ್ಕೆ ಅಂಡಾಶಯದ ಅಪಧಮನಿಯಿಂದಲೂ ರಕ್ತ ಬರುತ್ತದೆ, ಗುರುತಿನ ತಟ್ಟೆ ತೀರಾ ಕೆಳಗಿದ್ದರೆ ಆ ಪಾಲು ಲೆಕ್ಕ ತಪ್ಪುತ್ತದೆ. ವೇಗದ ಆಧಾರದಲ್ಲಿ ಗುರುತು ಹಾಕುವ ಇನ್ನೊಂದು ಬಗೆಯಲ್ಲಿ ಈ ದೂರದ ತೊಂದರೆ ಇಲ್ಲ, ಆದರೆ ಮಗು ಅಲುಗಾಡಿದರೂ ಅದಕ್ಕೆ ವೇಗವೇ.

ನಾನು ಶುರುವಿಗೆ ಹೇಳುವುದು ಹಳೆಯ ಫೇರ್ ವಿಧಾನ, ನಾಟಿಂಗ್‌ಹ್ಯಾಮ್‌ನವರು ಹಿಡಿದ ದಾರಿಯ ಕುಟುಂಬದ್ದು. ಒಂದು ಸಲ ಸ್ಲೈಸ್ ಮಾತ್ರ ತಲೆಕೆಳಗು, ಇನ್ನೊಂದು ಸಲ ಇಡೀ ಹೊಟ್ಟೆ ತಲೆಕೆಳಗು. ರಕ್ತನಾಳದ ದಿಕ್ಕು ಹುಡುಕುವ ಗೋಜಿಲ್ಲ. ಸೆಟ್ಟಿಂಗ್ ಹೀಗಿಡಿ: ಟಿಐ, ಅಂದರೆ ತಲೆಕೆಳಗು ಮಾಡಿದ ಮೇಲೆ ಚಿತ್ರ ತೆಗೆಯುವವರೆಗಿನ ಕಾಯುವಿಕೆ, 1,600 ಮಿಲಿಸೆಕೆಂಡ್, ಎರಡು ಚಿತ್ರಗಳ ನಡುವೆ 5 ಸೆಕೆಂಡ್, ಒಂದರಿಂದ ಮೂರು ಸ್ಲೈಸ್, ತಲೆಕೆಳಗು ಮಾಡುವ ಪಟ್ಟಿ ಸ್ಲೈಸ್‌ಗಳಿಗಿಂತ ಒಂದೂವರೆ-ಎರಡು ಪಟ್ಟು ದಪ್ಪ. ಮೂವತ್ತು ಜೋಡಿ ಚಿತ್ರ, ಒಟ್ಟು 5 ನಿಮಿಷ. ಜೊತೆಗೆ, ತಲೆಕೆಳಗು ಮಾಡದೆ, ಅದೇ ರೀಡೌಟ್‌ನಲ್ಲಿ ಒಂದು ಎಂ-ಸೊನ್ನೆ ಚಿತ್ರ. ಇದನ್ನು ಮರೆತರೆ ಉಳಿದದ್ದೆಲ್ಲ ಬರೀ ಬೂದುಬಣ್ಣದ ಚಿತ್ರ, ಮಿ.ಲೀ. ಲೆಕ್ಕ ಬರುವುದಿಲ್ಲ.

ಮೂವತ್ತು ಜೋಡಿ ಯಾಕೆ? ಎರಡು ಚಿತ್ರಗಳ ವ್ಯತ್ಯಾಸ ಶೇಕಡ 1-2 ಅಷ್ಟೇ. ತಾಯಿ ಒಂದು ಸಲ ಉಸಿರೆಳೆದರೆ ಅದಕ್ಕಿಂತ ದೊಡ್ಡ ವ್ಯತ್ಯಾಸ ಬರುತ್ತದೆ. ಸಾಧ್ಯವಾದರೆ ಉಸಿರಿನ ಟ್ರಿಗರ್ ಹಾಕಿ.

ಲೆಕ್ಕ ಒಂದು ಸಲ ಕೈಯಲ್ಲೇ ಮಾಡಿ ನೋಡಿ. 3 ಟೆಸ್ಲಾದಲ್ಲಿ ರಕ್ತದ ಟಿ1 1.65 ಸೆಕೆಂಡ್ ಅಂದುಕೊಳ್ಳೋಣ. ಗುರುತಿನ ದಕ್ಷತೆ 0.95, ರಕ್ತ-ಅಂಗಾಂಶದ ಹಂಚಿಕೆ 0.9. ಒಂದು ವಾಕ್ಸೆಲ್‌ನಲ್ಲಿ ವ್ಯತ್ಯಾಸ ಎಂ-ಸೊನ್ನೆಯ ಶೇಕಡ 2, ಅಂದರೆ 0.02. ಭಾಗಾಕಾರದ ಮೇಲಿನ ಸಾಲು: 0.9 × 0.02 × 6,000 = 108 (6,000 ಅಂದರೆ 60 ಸೆಕೆಂಡ್ × 100 ಗ್ರಾಂ). ಕೆಳಗಿನ ಸಾಲಿನಲ್ಲಿ ಮೊದಲು ಗುರುತು ಎಷ್ಟು ಉಳಿದಿದೆ ಅಂತ ನೋಡಬೇಕು: 1.6 ಅನ್ನು 1.65ರಿಂದ ಭಾಗಿಸಿದರೆ 0.97, ಅಷ್ಟು ಘಾತದ ಇಳಿಕೆ ಅಂದರೆ 0.379. ಈಗ 2 × 0.95 × 1.6 × 0.379 = 1.15. ಭಾಗಿಸಿದರೆ 100 ಗ್ರಾಂಗೆ ನಿಮಿಷಕ್ಕೆ ಸುಮಾರು 94 ಮಿ.ಲೀ. ಮಾಸಿಗೆ ಇದು ನಂಬಬಹುದಾದ ಅಂಕಿ.

ಇದೇ ಲೆಕ್ಕದಲ್ಲಿ ಟಿ1ಗೆ 1.65ರ ಬದಲು 1.48 ಹಾಕಿದರೆ ಉತ್ತರ 105 ಬರುತ್ತದೆ. ಚಿತ್ರ ಅದೇ, ಮಾಸು ಅದೇ, ಹರಿವು ಮಾತ್ರ ಶೇಕಡ 12 ಜಾಸ್ತಿ! ರಕ್ತಹೀನತೆ ಇರುವವರ ರಕ್ತದ ಟಿ1 ಉದ್ದ ಇರುತ್ತದೆ. 3ನೇ ಹಂತದಲ್ಲಿ ಹೆಮಟೋಕ್ರಿಟ್ ಕೇಳಿದ್ದು ಈ ಲೆಕ್ಕಕ್ಕಾಗಿ.

ಇನ್ನೂ ಮೂರು ಮಾತು. ಕಳೆಯುವಾಗ ಕೆಲವು ವಾಕ್ಸೆಲ್‌ಗಳಲ್ಲಿ ಋಣ ಅಂಕಿ ಬರುತ್ತದೆ, ಅದು ನಾಯ್ಸ್. ಹರಿವು ಸೊನ್ನೆಗಿಂತ ಕಡಿಮೆ ಇರಲು ಸಾಧ್ಯವಿಲ್ಲ ಅಂತ ಅವನ್ನು ಅಳಿಸಬೇಡಿ, ಅಳಿಸಿದರೆ ಸರಾಸರಿ ಸುಳ್ಳಾಗಿ ಮೇಲೇರುತ್ತದೆ. ಎರಡನೆಯದು, ದೊಡ್ಡ ನಾಳದ ಮೇಲೆ ಬಿದ್ದ ವಾಕ್ಸೆಲ್‌ಗಳು ಭಾರೀ ಅಂಕಿ ತೋರಿಸುತ್ತವೆ, ಆದ್ದರಿಂದ ಸರಾಸರಿಯ ಜೊತೆ ಮೀಡಿಯನ್ ಕೂಡ ಕೊಡಿ. ಮೂರನೆಯದು, ಫೇರ್‌ನಲ್ಲಿ ಇಡೀ ಹೊಟ್ಟೆಗೆ ಗುರುತು ಬೀಳುವುದರಿಂದ ಸ್ಲೈಸ್‌ನ ಹೊರಗಿಂದ ಬಂದ ಮಗುವಿನ ರಕ್ತವೂ ಲೆಕ್ಕಕ್ಕೆ ಸೇರುತ್ತದೆ. ವರದಿಯಲ್ಲಿ 'ತಾಯಿಯ ಹರಿವು' ಅಂತ ಬರೆಯುವ ಹಕ್ಕು ಈ ವಿಧಾನಕ್ಕಿಲ್ಲ.

ಹಂತ 8: ಐವಿಐಎಂ, ಸ್ವಲ್ಪ ಅನುಮಾನ ಇಟ್ಟುಕೊಂಡು

ನೀರಿನ ಕಣಗಳ ಚಲನೆ ತೋರಿಸುವ ಡಿಫ್ಯೂಶನ್ ಚಿತ್ರಗಳನ್ನು ಬೇರೆ ಬೇರೆ ಬಿ-ಮೌಲ್ಯಗಳಲ್ಲಿ (ಚಲನೆಗೆ ಚಿತ್ರ ಎಷ್ಟು ಸೂಕ್ಷ್ಮ ಅನ್ನುವ ಅಂಕಿ) ತೆಗೆಯಿರಿ: 0, 10, 20, 40, 60, 80, 100, 150, 200, 300, 400, 500. ಸಣ್ಣ ಬಿ-ಮೌಲ್ಯದಲ್ಲೇ ಓಡುವ ರಕ್ತದ ಸಿಗ್ನಲ್ ಸತ್ತುಹೋಗುತ್ತದೆ. 200 ದಾಟಿದ ಮೇಲೆ ಉಳಿದಿರುವುದು ಅಂಗಾಂಶದ ನಿಧಾನ ಚಲನೆ. ಉದಾಹರಣೆಗೆ ಸೊನ್ನೆಯಲ್ಲಿ ಸಿಗ್ನಲ್ 1,000, 200ರಲ್ಲಿ 512, 500ರಲ್ಲಿ 308 ಇದೆ ಅಂದುಕೊಳ್ಳಿ. ಕೊನೆಯ ಎರಡರ ಗೆರೆಯನ್ನು, ಲಾಗ್ ಮಾಪಕದಲ್ಲಿ, ಹಿಂದಕ್ಕೆ ಸೊನ್ನೆಯವರೆಗೆ ಎಳೆದರೆ ಸುಮಾರು 720ಕ್ಕೆ ತಾಗುತ್ತದೆ. 1,000ದಲ್ಲಿ ಕಾಣೆಯಾದ 280 ಓಡುತ್ತಿದ್ದ ರಕ್ತದ ಪಾಲು, ಶೇಕಡ 28.

ಈ ಪಾಲು ಸಾಕಷ್ಟು ಗಟ್ಟಿಯಾದ ಅಂಕಿ. ಇದರ ಜೊತೆ ಬರುವ ಹುಸಿ-ಡಿಫ್ಯೂಶನ್ ಅಂಕಿ, ಡಿ-ಸ್ಟಾರ್, ಮಾತ್ರ ಸ್ಕ್ಯಾನಿಂದ ಸ್ಕ್ಯಾನಿಗೆ ಕುಣಿಯುತ್ತದೆ. ಅದರ ಮೇಲೆ ತೀರ್ಮಾನ ಕಟ್ಟಬೇಡಿ. ಈ ಪಾಲಿನಲ್ಲಿ ತಾಯಿಯ ರಕ್ತ, ಮಗುವಿನ ರಕ್ತ ಎರಡೂ ಸೇರಿವೆ ಅನ್ನುವುದೂ ನೆನಪಿರಲಿ. ಅವನ್ನು ಬೇರ್ಪಡಿಸಲು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ತಂಡವೊಂದು 'ಡಿಸೈಡ್' ಎಂಬ ವಿಧಾನ ಪ್ರಕಟಿಸಿತು. ಮಗುವಿನ ರಕ್ತದಲ್ಲಿ ಆಮ್ಲಜನಕ ಕಡಿಮೆ, ಟಿ2 ಚಿಕ್ಕದು. ಬಿ-ಮೌಲ್ಯದ ಜೊತೆ ಎಕೋ ಸಮಯವನ್ನೂ ಬದಲಿಸಿ ತೆಗೆದರೆ ಎರಡೂ ಬೇರೆಯಾಗುತ್ತವೆ ಅನ್ನುವುದು ಅದರ ತರ್ಕ.

ಹಂತ 9: ಬಳ್ಳಿಯಲ್ಲಿ ಫೇಸ್ ಕಾಂಟ್ರಾಸ್ಟ್

ಹೊಕ್ಕುಳಬಳ್ಳಿಯಲ್ಲಿ ಎರಡು ಅಪಧಮನಿ, ಒಂದು ಸಿರೆ. ಸಿರೆಯನ್ನೇ ಹಿಡಿಯಿರಿ. ಅದು ಅಗಲ, ಅದರಲ್ಲಿ ಬಡಿತದ ಏರಿಳಿತ ಕಡಿಮೆ, ಹಾಗಾಗಿ ಮಗುವಿನ ಹೃದಯಕ್ಕೆ ಹೊಂದಿಸದೆ ಸರಾಸರಿ ತೆಗೆದರೂ ನಡೆಯುತ್ತದೆ. ಅಪಧಮನಿಗೆ ಹೋದರೆ ಹೊಂದಿಸಲೇಬೇಕು. ಹೊಟ್ಟೆಯೊಳಗಿನ ಮಗುವಿಗೆ ಇಸಿಜಿ ತಂತಿ ಅಂಟಿಸಲಾಗುವುದಿಲ್ಲವಲ್ಲ. ಟೊರಾಂಟೋದವರು 2010ರಲ್ಲಿ, ತೆಗೆದ ಡೇಟಾದಿಂದಲೇ ಬಡಿತವನ್ನು ಊಹಿಸಿ ಜೋಡಿಸುವ ಉಪಾಯ ತೋರಿಸಿದರು. ಈಗ ಎಂಆರ್‌ಐ ಒಳಗೆ ಹೋಗುವ ಡಾಪ್ಲರ್ ಪಟ್ಟಿಗಳೂ ಇವೆ.

ಬಳ್ಳಿ ನೇರವಾಗಿರುವ ಕಡೆ ಅಡ್ಡಡ್ಡ ಸ್ಲೈಸ್ ಇಡಿ, ಪಿಕ್ಸೆಲ್ 1 ಮಿ.ಮೀ. ಆಸುಪಾಸು. ವೆಂಕ್ ಅಂದರೆ ಅಳೆಯಬಹುದಾದ ಗರಿಷ್ಠ ವೇಗ. ಸಿರೆಗೆ ಸೆಕೆಂಡಿಗೆ 30 ಸೆಂ.ಮೀ.ಯಿಂದ ಶುರುಮಾಡಿ. ನಾಳದ ಮಧ್ಯೆ ಬಿಳಿ ಜಾಗದಲ್ಲಿ ಇದ್ದಕ್ಕಿದ್ದಂತೆ ಕಪ್ಪು ಚುಕ್ಕೆ ಕಂಡರೆ ವೆಂಕ್ ಸಾಲಲಿಲ್ಲ ಅಂತ ಅರ್ಥ, ಏರಿಸಿ. ಪಕ್ಕದಲ್ಲಿ ಅಲುಗಾಡದ ಅಂಗಾಂಶವೊಂದರ ವೇಗ ನೋಡಿ, ಸೊನ್ನೆ ಇರಬೇಕು. ಇಲ್ಲದಿದ್ದರೆ ಆ ತಪ್ಪನ್ನು ಕಳೆಯಿರಿ.

ಸಿರೆಯ ಅಗಲ 7 ಮಿ.ಮೀ. ಇದ್ದರೆ ಅಡ್ಡಕೊಯ್ತ 0.385 ಚದರ ಸೆಂ.ಮೀ. ಸರಾಸರಿ ವೇಗ 11 ಸೆಂ.ಮೀ. ಆದರೆ ಸೆಕೆಂಡಿಗೆ 4.2 ಮಿ.ಲೀ., ನಿಮಿಷಕ್ಕೆ 254. ಮಗುವಿನ ತೂಕದ ಅಂದಾಜು 2.2 ಕೆಜಿ ಇದ್ದರೆ ಕೆಜಿಗೆ ಸುಮಾರು 115 ಮಿ.ಲೀ. ಆರೋಗ್ಯವಂತ ಮಗುವಿನ ಅಂಕಿ ಈ ಸುತ್ತಮುತ್ತಲೇ ಇರುತ್ತದೆ.

ಹಂತ 10: ಗಡಿ ಎಳೆಯುವುದು, ಅಲುಗಾಟ ಸರಿಪಡಿಸುವುದು

ಯಾವ ತಂತ್ರಾಂಶ ತೆರೆಯುವ ಮುಂಚೆಯೂ ಚಿತ್ರಗಳ ಸಾಲನ್ನು ವಿಡಿಯೋ ಥರ ಓಡಿಸಿ. ಮಗು ಒದ್ದ ಚಿತ್ರಗಳು ಅಲ್ಲೇ ಗೊತ್ತಾಗುತ್ತವೆ, ಅವನ್ನು ಕಿತ್ತುಹಾಕಿ. ಎಎಸ್‌ಎಲ್‌ನಲ್ಲಿ ಒಂದು ಕೆಟ್ಟರೆ ಜೋಡಿಯನ್ನೇ ತೆಗೆಯಿರಿ. ಉಳಿದವನ್ನು ರಿಜಿಸ್ಟ್ರೇಶನ್‌ನಿಂದ ಹೊಂದಿಸಿ. ಮಾಸು ಮೂಳೆಯ ಹಾಗೆ ಗಟ್ಟಿಯಲ್ಲ, ಬಾಗುತ್ತದೆ, ಆದ್ದರಿಂದ ಮಿದುಳಿಗೆ ಬಳಸುವ ಬಾಗದ ರಿಜಿಸ್ಟ್ರೇಶನ್ ಇಲ್ಲಿ ಪೂರ್ತಿ ಸಾಲುವುದಿಲ್ಲ.

ಗಡಿಯನ್ನು ಐಟಿಕೆ-ಸ್ನ್ಯಾಪ್‌ನಂಥ ಉಚಿತ ತಂತ್ರಾಂಶದಲ್ಲಿ ಕೈಯಲ್ಲೇ ಎಳೆಯಬಹುದು. ಟಿ2 ಚಿತ್ರದ ಗಡಿಯನ್ನು ಇಪಿಐ ಮೇಲೆ ಹಾಗೇ ಅಂಟಿಸಬೇಡಿ, ಇಪಿಐ ವಕ್ರವಾಗಿರುತ್ತದೆ. ಗರ್ಭಕೋಶದ ಗೋಡೆಯಲ್ಲಿ ಹರಿವು ಜಾಸ್ತಿ. ಅದರ ಒಂದು ಪದರ ಒಳಗೆ ಸೇರಿದರೂ ಸರಾಸರಿ ಏರುತ್ತದೆ. ಇಬ್ಬರು ಬೇರೆ ಬೇರೆ ಕೂತು ಎಳೆಯಲಿ, ತಾಯಿಗೆ ಬಿಪಿ ಇತ್ತೋ ಇಲ್ಲವೋ ಅನ್ನುವುದು ಅವರಿಗೆ ಗೊತ್ತಿರಬಾರದು.

ಹಂತ 11: ವರದಿಯಲ್ಲಿ ಏನು ಬರೆಯಬೇಕು

ಬಸಿರಿನ ವಾರ ಮತ್ತು ದಿನ, ಯಂತ್ರದ ಟೆಸ್ಲಾ, ಮಲಗಿದ ಭಂಗಿ, ಮಾಸು ಮುಂದೋ ಹಿಂದೋ, ಸಂಕೋಚ ಕಂಡಿತೋ ಇಲ್ಲವೋ, ಹೆಮಟೋಕ್ರಿಟ್, ಲೆಕ್ಕಕ್ಕೆ ಹಿಡಿದ ರಕ್ತದ ಟಿ1, ಬಿಸಾಡಿದ ಚಿತ್ರಗಳ ಸಂಖ್ಯೆ. ಅಂಕಿ ಇವುಗಳ ಜೊತೆಗೇ ಹೋಗಬೇಕು. ಮಾಸಿನ ನಕ್ಷೆಯನ್ನೂ ಅಂಟಿಸಿ. ಸರಾಸರಿ ಸರಿಯಿದ್ದರೂ ಒಂದು ಮೂಲೆ ಪೂರ್ತಿ ಕಪ್ಪಾಗಿರಬಹುದು, ಇನ್ಫಾರ್ಕ್ಟ್ ಆದ (ರಕ್ತ ಸಿಗದೆ ಸತ್ತ) ಭಾಗ ಹಾಗೆ ಕಾಣುತ್ತದೆ. ಹೆರಿಗೆಯಾದ ಮೇಲೆ ಮಾಸನ್ನು ಪೆಥಾಲಜಿಗೆ ಕಳಿಸುವ ವ್ಯವಸ್ಥೆಯನ್ನು ಹೆರಿಗೆ ಕೋಣೆಯ ನರ್ಸ್‌ಗಳ ಜೊತೆ ಮೊದಲೇ ಮಾತಾಡಿಕೊಂಡಿರಿ. ರಾತ್ರಿ ಹೊತ್ತು ಹೆರಿಗೆಯಾದರೆ ಅದು ಬಕೆಟ್ ಸೇರುವುದೇ ಹೆಚ್ಚು.

ಹೊಸ ತಂಡವಾದರೆ ಬೇರೆಯವರ ನಾರ್ಮಲ್ ಪಟ್ಟಿ ನಂಬಿ ಕೂರಬೇಡಿ. ನಿಮ್ಮದೇ ಯಂತ್ರದಲ್ಲಿ, ತೊಂದರೆಯಿಲ್ಲದ ಗರ್ಭಿಣಿಯರ ಅಂಕಿಗಳನ್ನು ವಾರವಾರು ಕೂಡಿಹಾಕಿ. ಒಪ್ಪಿದ ಕೆಲವರನ್ನು ಸ್ಕ್ಯಾನ್ ಮಧ್ಯೆ ಹೊರಗೆ ಕರೆತಂದು, ಸ್ವಲ್ಪ ಓಡಾಡಿಸಿ, ನೀರು ಕುಡಿಸಿ, ಮತ್ತೆ ಅದೇ ಎಡ ಮಗ್ಗುಲಲ್ಲಿ ಮಲಗಿಸಿ ಇನ್ನೊಮ್ಮೆ ಅಳೆಯಿರಿ. ಎರಡು ಅಳತೆಗಳ ನಡುವಿನ ಅಂತರ ಎಷ್ಟೋ, ಅದಕ್ಕಿಂತ ಸಣ್ಣ ವ್ಯತ್ಯಾಸವನ್ನು ರೋಗ ಅಂತ ಕರೆಯಲು ನಿಮ್ಮ ಯಂತ್ರಕ್ಕೆ ಆಗುವುದಿಲ್ಲ.